ಮುಂಭಾರ, ಹಿಂಭಾರ

ಕಡಿಮೆ ಬೆಲೆಯ ಮೋಜಿನ ಕಾರಿಗೆ ಹಿಂದಿನ ಎರಡು ಚಕ್ರದ ಶಕ್ತಿ ಸಾಕೇ, ನಾಲ್ಕೂ ಬೇಕೇ? ಜಗತ್ತಿನ ಕಾರುಪ್ರಿಯರ ಈ ಜಗಳಕ್ಕೆ ಚನ್ನಪಟ್ಟಣ ಸೀಮೆಯ ಎತ್ತಿನಗಾಡಿಯಲ್ಲೂ ಬಿಡದಿಯ ಕಾರ್ಖಾನೆಯಲ್ಲೂ ಉತ್ತರ ಹುಡುಕಿದಾಗ...

ವಿರೂಪಾಕ್ಷಿಪುರದ ಕಡೆ ನಮ್ಮಕ್ಕನ ಮನೆಯ ಜಗುಲಿಯಲ್ಲಿ ಕೂತರೆ ಎದುರಿಗೆ ಒಂದು ಹಳೆಯ ಗಾಡಿಚಕ್ರ ಕಾಣುತ್ತದೆ. ಕೊಟ್ಟಿಗೆ ಗೋಡೆಗೆ ಒರಗಿಸಿಟ್ಟು ಎಷ್ಟು ವರ್ಷವಾಯಿತೋ. ಅದರ ಕಬ್ಬಿಣದ ಪಟ್ಟಿ ತುಕ್ಕು ಹಿಡಿದಿದೆ, ಅರೆಕಾಲುಗಳ ನಡುವೆ ಕೋಳಿಯೊಂದು ಕಾವಿಗೆ ಕೂತಿದೆ. ಕಳೆದ ಮಳೆಗಾಲದ ಒಂದು ಭಾನುವಾರ ಅದರ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತು ಅಕ್ಕನ ಮಗ ಫೋನಿನಲ್ಲಿ ಕಾರು ನೋಡುತ್ತಿದ್ದ. ಬಿಡದಿಯಲ್ಲಿ ಕೆಲಸ, ಇನ್ನೂ ಮದುವೆಯಿಲ್ಲ, ಕೈಯಲ್ಲಿ ನಾಲ್ಕು ಕಾಸು ಓಡಾಡುತ್ತಿದೆ. ಮನಸ್ಸು ಎರಡು ಬಾಗಿಲಿನ ಕಾರಿನ ಮೇಲೆ ಬಿದ್ದಿದೆ.

‘ಮಾವ, ನೀವೇ ಹೇಳಿ. ರೇರ್ ವೀಲ್ ಡ್ರೈವ್ ತಗೊಳ್ಳದಾ, ಫೋರ್ ಬೈ ಫೋರ್ ತಗೊಳ್ಳದಾ?’

ನಾನು ಬಾಯಿ ತೆರೆಯುವ ಮೊದಲೇ ಒಳಗಿಂದ ಅವನ ತಾತನ ದನಿ ಬಂತು. ‘ಅದೇನ್ಲಾ ಅದು, ರೇರು?’

ಎಂಜಿನ್ ಶಕ್ತಿ ಹಿಂದಿನ ಎರಡು ಚಕ್ರಕ್ಕೆ ಹೋದರೆ ರೇರ್ ವೀಲ್, ಮುಂದಿನ ಎರಡಕ್ಕೆ ಹೋದರೆ ಫ್ರಂಟ್ ವೀಲ್, ನಾಲ್ಕಕ್ಕೂ ಹೋದರೆ ಆಲ್ ವೀಲ್ ಎಂದು ಹುಡುಗ ವಿವರಿಸಿದ. ತಾತ ಹೊಸ್ತಿಲ ಬಳಿ ನಿಂತು ಪೂರ್ತಿ ಕೇಳಿಸಿಕೊಂಡರು. ಆಮೇಲೆ ಒಂದೇ ಮಾತು: ‘ಚಕ್ರ ಎಷ್ಟಾರ ಇರ್ಲಿ. ಭಾರ ಎಲ್ಲಿ ಬೀಳ್ತದೆ ಅಂತ ಕೇಳು ಮೊದ್ಲು. ಮುಂಭಾರನೋ, ಹಿಂಭಾರನೋ?’

ಗಾಡಿ ಹೊಡೆದವರಿಗೆ ಈ ಎರಡು ಪದ ಬಿಡಿಸಿ ಹೇಳಬೇಕಿಲ್ಲ. ಮೂಟೆಗಳನ್ನು ಮುಂದಕ್ಕೆ ಜಾಸ್ತಿ ಹೇರಿದರೆ ಗಾಡಿ ಮುಂಭಾರವಾಗಿ ನೊಗ ಎತ್ತಿನ ಹೆಗಲನ್ನು ಒತ್ತುತ್ತದೆ. ಹಿಂದಕ್ಕೆ ಜಾಸ್ತಿಯಾದರೆ ಹಿಂಭಾರವಾಗಿ ಮೂಕಿ ಮೇಲೆದ್ದು, ಕೊರಳ ಪಟ್ಟಿ ಎತ್ತಿನ ಗಂಟಲು ಹಿಡಿಯುತ್ತದೆ. ಏರು ಬಂದಾಗ ಭಾರ ತಾನಾಗಿಯೇ ಹಿಂದಕ್ಕೆ ಜರುಗುತ್ತದೆ. ಆಗ ಗಾಡಿ ಹೊಡೆಯುವವನು ಮೂಕಿಯ ಮೇಲಕ್ಕೆ ಸರಿದು ಕೂರುತ್ತಾನೆ. ಇಳಿಜಾರಿನಲ್ಲಿ ಹಿಂದಕ್ಕೆ ಸರಿಯುತ್ತಾನೆ. ಇಂದಿನ ಕಾರು ಎಂಜಿನಿಯರು ಕಂಪ್ಯೂಟರ್ ಮುಂದೆ ಕೂತು ಬಿಡಿಸುವ ಲೆಕ್ಕವನ್ನು ಅವನು ಕುಂಡಿ ಸರಿಸಿ ಬಿಡಿಸುತ್ತಿದ್ದ. ರೇರ್ ವೀಲೋ ಆಲ್ ವೀಲೋ ಎಂಬ ಜಗಳದ ಬೇರು ಇರುವುದೂ ಈ ಮುಂಭಾರ, ಹಿಂಭಾರದಲ್ಲೇ.

ಮೂರು ಬಗೆಯೂ ಬಿಡದಿಯಲ್ಲೇ

ಈ ವಿಷಯ ತಿಳಿಯಲು ಜರ್ಮನಿ, ಜಪಾನಿಗೆ ಹೋಗಬೇಕಿಲ್ಲ. ಚನ್ನಪಟ್ಟಣದಿಂದ ಬೆಂಗಳೂರಿನತ್ತ ಹೊರಟರೆ ಸಿಗುವ ಬಿಡದಿಯೇ ಸಾಕು. ಟೊಯೊಟಾ ಕಿರ್ಲೋಸ್ಕರ್ ಮೋಟಾರ್ ಕಂಪನಿ ಹುಟ್ಟಿದ್ದು 1997ರಲ್ಲಿ. 2000ದ ಜನವರಿಯಲ್ಲಿ ಅದರ ಮೊದಲ ಗಾಡಿ ಕ್ವಾಲಿಸ್ ಮಾರುಕಟ್ಟೆಗೆ ಬಂತು, 2005ರಲ್ಲಿ ಇನ್ನೋವಾ. ಎರಡೂ ರೇರ್ ವೀಲ್. ಎಂಜಿನ್ ಮುಂದೆ, ಅಲ್ಲಿಂದ ಹೊಟ್ಟೆಯ ಕೆಳಗೆ ಉದ್ದಕ್ಕೂ ಹಾದು ಹೋಗುವ ಪ್ರೊಪೆಲ್ಲರ್ ಶಾಫ್ಟ್, ಹಿಂದೆ ಕ್ರೌನ್ ವೀಲು, ಆಕ್ಸಲು. ಕೆಂಪು ಬಣ್ಣದ ಎಕ್ಸ್‌ಪ್ರೆಸ್ ಬಸ್ಸು, ಮರಳಿನ ಟಿಪ್ಪರು, ರೇಷ್ಮೆಗೂಡು ಹೊತ್ತು ರಾಮನಗರದ ಮಾರುಕಟ್ಟೆಗೆ ಓಡುವ ಟಾಟಾ ಏಸ್ ಎಲ್ಲವೂ ಇದೇ ವಂಶದವು.

2010ರ ಕೊನೆಗೆ ಅದೇ ಬಿಡದಿಯಿಂದ ಎಟಿಯೋಸ್ ಬಂತು. ಅದು ಫ್ರಂಟ್ ವೀಲ್. 2022ರಲ್ಲಿ ಇನ್ನೋವಾ ಹೈಕ್ರಾಸ್ ಬಂದಾಗ ಟ್ಯಾಕ್ಸಿ ಸ್ಟ್ಯಾಂಡುಗಳಲ್ಲಿ ದೊಡ್ಡ ಚರ್ಚೆಯೇ ಆಯಿತು. ಇನ್ನೋವಾ ಎಂಬ ಹೆಸರಿನ ಗಾಡಿಯನ್ನು ಮುಂದಿನ ಚಕ್ರ ಎಳೆಯುವುದೇ? ಎಂಟು ಜನ, ಅವರ ಲಗೇಜು ತುಂಬಿಕೊಂಡು ಘಾಟಿ ಹತ್ತುವಾಗ ಭಾರವೆಲ್ಲ ಹಿಂದಕ್ಕೆ ಬಿದ್ದು ಮುಂದಿನ ಚಕ್ರ ಹಗುರಾಗುವುದಿಲ್ಲವೇ? ಡ್ರೈವರುಗಳು ಕೇಳಿದ್ದು ಅದೇ ಪ್ರಶ್ನೆ: ಹಿಂಭಾರವಾದರೆ ಏನು ಗತಿ?

ಅದೇ ವರ್ಷ ಅದೇ ಕಾರ್ಖಾನೆಯಿಂದ ಹೈರೈಡರ್ ಹೊರಬಂತು. ಅದರ ಜೋಡಿಯಾದ ಮಾರುತಿ ಗ್ರ್ಯಾಂಡ್ ವಿಟಾರಾ ಕೂಡ ಬಿಡದಿಯಲ್ಲೇ ತಯಾರಾಗತೊಡಗಿತು. ಈ ಕಾರುಗಳ ಒಂದು ಬಗೆ ಆಲ್ ವೀಲ್ ಡ್ರೈವ್. ಮಾಮೂಲಿಯಾಗಿ ಮುಂದಿನ ಚಕ್ರ ಎಳೆಯುತ್ತಿರುತ್ತದೆ. ಅದು ಜಾರುವ ಸೂಚನೆ ಸಿಕ್ಕರೆ ಹಿಂದಿನ ಚಕ್ರಕ್ಕೂ ಒಂದು ಪಾಲು ಶಕ್ತಿ ಹೋಗುತ್ತದೆ. ಡ್ರೈವರ್ ಏನೂ ಮಾಡಬೇಕಿಲ್ಲ.

ಇದನ್ನೂ ಜೀಪಿನ ಫೋರ್ ಬೈ ಫೋರನ್ನೂ ಒಂದೇ ಎಂದುಕೊಳ್ಳಬಾರದು. ಜಿಪ್ಸಿ, ಥಾರ್, 2016ರಲ್ಲಿ ಬಂದ ಎರಡನೇ ತಲೆಮಾರಿನ ಫಾರ್ಚೂನರ್ ಇವುಗಳಲ್ಲಿ ನಾಲ್ಕು ಚಕ್ರದ ಚಾಲನೆ ಬೇಕಾದಾಗ ಮಾತ್ರ ಹಾಕಿಕೊಳ್ಳುವಂಥದ್ದು. ಹಾಕಿದರೆ ಮುಂದಿನ, ಹಿಂದಿನ ಆಕ್ಸಲುಗಳು ಒಂದಕ್ಕೊಂದು ಬಿಗಿದು ಒಂದೇ ವೇಗದಲ್ಲಿ ತಿರುಗುತ್ತವೆ. ತಿರುವಿನಲ್ಲಾದರೋ ಮುಂದಿನ ಚಕ್ರ ಹಿಂದಿನದಕ್ಕಿಂತ ಹೆಚ್ಚು ದೂರ ಉರುಳಬೇಕು. ಕೆಸರಿನಲ್ಲಾದರೆ ಚಕ್ರ ಒಂದಿಷ್ಟು ಜಾರಿ ಲೆಕ್ಕ ಸರಿಮಾಡಿಕೊಳ್ಳುತ್ತದೆ. ಒಣ ಡಾಂಬರಿನಲ್ಲಿ ಜಾರಲು ಜಾಗವಿಲ್ಲ. ಒಳಗಿನ ಹಲ್ಲು, ಶಾಫ್ಟುಗಳೇ ತಿರುಚಿಕೊಳ್ಳುತ್ತವೆ. ಆದ್ದರಿಂದ ಇಂಥ ಜೀಪು ಡಾಂಬರಿನ ಮೇಲೆ ವರ್ಷವೆಲ್ಲ ರೇರ್ ವೀಲ್ ಗಾಡಿಯೇ.

ಅಂಗೈ ಅಗಲದ ನೆಲ

1,200 ಕೆ.ಜಿ. ತೂಕದ ಕಾರೊಂದನ್ನು ತೆಗೆದುಕೊಳ್ಳೋಣ. ಚಕ್ರಕ್ಕೆ 300 ಕೆ.ಜಿ. ಭಾರ. ಟೈರಿನಲ್ಲಿ 32 ಪಾಯಿಂಟ್ ಗಾಳಿ, ಅಂದರೆ ಚದರ ಸೆಂಟಿಮೀಟರಿಗೆ ಸುಮಾರು 2.2 ಕೆ.ಜಿ. ಒತ್ತಡ. ಭಾಗಿಸಿದರೆ ನೆಲಕ್ಕೆ ತಾಗುವ ಜಾಗ ಸುಮಾರು 136 ಚದರ ಸೆಂಟಿಮೀಟರ್. ನಿಮ್ಮ ಅಂಗೈ ಅಗಲ. ಇಡೀ ಕಾರಿಗೆ ಭೂಮಿಯೊಂದಿಗೆ ಇರುವ ನಂಟು ಇಂಥ ನಾಲ್ಕು ಅಂಗೈಗಳಷ್ಟೇ.

ಒಂದೊಂದು ಅಂಗೈಗೂ ಇಷ್ಟೇ ಎಂದು ಹಿಡಿತದ ಮಿತಿ ಇದೆ. ಅದನ್ನು ನೂರು ರೂಪಾಯಿ ದಿನಗೂಲಿ ಎಂದುಕೊಳ್ಳಿ. ಎಳೆಯುವುದಕ್ಕೆ, ತಿರುಗುವುದಕ್ಕೆ, ನಿಲ್ಲುವುದಕ್ಕೆ ಎಲ್ಲಕ್ಕೂ ಅದರಲ್ಲೇ ಖರ್ಚು. ಆದರೆ ಈ ಕೂಲಿಯ ಲೆಕ್ಕ ಅಂಗಡಿ ಲೆಕ್ಕದಂತೆ ನೇರವಲ್ಲ. ಎಳೆತವೂ ತಿರುಗುವ ಬಲವೂ ಒಂದಕ್ಕೊಂದು ಅಡ್ಡವಾಗಿರುವುದರಿಂದ ಲಂಬಕೋನ ತ್ರಿಕೋನದ ಲೆಕ್ಕ. ಎಳೆಯಲು 60 ಖರ್ಚಾದರೆ ತಿರುಗಲು 80 ಉಳಿಯುತ್ತದೆ. ಎಳೆಯಲು 80 ಕಳೆದರೆ ತಿರುಗಲು 60 ಮಾತ್ರ. ನೂರಕ್ಕೆ ನೂರೂ ಎಳೆತಕ್ಕೇ ಹೋದರೆ ಸ್ಟೇರಿಂಗ್ ತಿರುಗಿಸಿದರೂ ಕಾರು ತಿರುಗದು.

ಫ್ರಂಟ್ ವೀಲ್ ಕಾರಿನಲ್ಲಿ ಎಳೆಯುವ, ತಿರುಗಿಸುವ ಎರಡು ಕೆಲಸವೂ ಮುಂದಿನ ಜೋಡಿಯ ತಲೆಗೇ. ಹಿಂದಿನ ಜೋಡಿ ಸುಮ್ಮನೆ ಉರುಳುತ್ತಾ ಬರುತ್ತದೆ. ರೇರ್ ವೀಲ್‌ನಲ್ಲಿ ಕೆಲಸ ಹಂಚಿಕೆಯಾಗಿದೆ: ಮುಂದಿನವು ದಾರಿ ತೋರಿಸುತ್ತವೆ, ಹಿಂದಿನವು ನೂಕುತ್ತವೆ. ಸ್ಟೇರಿಂಗ್ ಹಿಡಿದ ಕೈಗೆ ಎಂಜಿನ್ನಿನ ಜಗ್ಗಾಟ ತಟ್ಟದೆ ನೆಲದ ಸುದ್ದಿ ಮಾತ್ರ ಬರುವುದು ಇದರಿಂದಲೇ. ಆಲ್ ವೀಲ್‌ನಲ್ಲಿ ನೂಕುವ ಕೆಲಸ ನಾಲ್ವರಿಗೂ ಹಂಚಿಹೋಗುತ್ತದೆ. ಒಬ್ಬರ ಮೇಲೂ ಅತಿಭಾರ ಬೀಳದು.

ಈಗ ತಾತನ ಪ್ರಶ್ನೆಗೆ ಬರೋಣ. ಕಾರು ಮುಂದಕ್ಕೆ ನುಗ್ಗಿದಾಗ ಭಾರ ಹಿಂದಕ್ಕೆ ಜರುಗುತ್ತದೆ. ನಮ್ಮ 1,200 ಕೆ.ಜಿ. ಕಾರಿನ ಭಾರದ ಕೇಂದ್ರ ನೆಲದಿಂದ ಅರ್ಧ ಮೀಟರ್ ಮೇಲಿದ್ದು, ಮುಂದಿನ, ಹಿಂದಿನ ಚಕ್ರಗಳ ನಡುವೆ ಎರಡೂವರೆ ಮೀಟರ್ ಇದ್ದು, ಕಾರು ಜೋರಾಗಿ (ಗುರುತ್ವದ ನೂರಕ್ಕೆ 40ರಷ್ಟು) ವೇಗ ಪಡೆದರೆ 96 ಕೆ.ಜಿ. ಭಾರ ಮುಂದಿನಿಂದ ಹಿಂದಕ್ಕೆ ಹೋಗುತ್ತದೆ. ನೂಕುವ ಚಕ್ರ ಹಿಂದಿದ್ದರೆ ಅದು ಲಾಭ, ಮುಂದಿದ್ದರೆ ನಷ್ಟ. ಐದಕ್ಕೆ ಒಂದರ ಏರಿನಲ್ಲಿ ಇನ್ನೂ 48 ಕೆ.ಜಿ. ಹಿಂದಕ್ಕೆ. ಕಬ್ಬು ತುಂಬಿದ ಟ್ರೇಲರ್ ಎಳೆಯುತ್ತಾ ಏರು ಹತ್ತುವ ಟ್ರ್ಯಾಕ್ಟರು ಮುಂದಿನ ಚಕ್ರ ಎತ್ತುವುದನ್ನು ಮದ್ದೂರು, ಮಂಡ್ಯ ಕಡೆ ನೋಡದವರಾರು? ಅದು ಹಿಂಭಾರದ ಅತಿರೇಕ. ಅಲ್ಲಿ ಹಿಂದಿನ ಚಕ್ರದ ಹಿಡಿತಕ್ಕೆ ಏನೂ ಕೊರತೆಯಿಲ್ಲ, ಮುಂದಿನದಕ್ಕೆ ನೆಲವೇ ಇಲ್ಲ.

ಪ್ರಾಣಿಗಳಲ್ಲೂ ಎರಡು ಬಗೆ. ರಾಮದೇವರ ಬೆಟ್ಟದ ಬಂಡೆಗಳ ನಡುವೆ ‘ಶೋಲೆ’ಯ ಡಕಾಯಿತರನ್ನು ಹೊತ್ತು ಓಡಿದ ಕುದುರೆ ಆಲ್ ವೀಲ್ ಡ್ರೈವ್; ನಾಲ್ಕು ಕಾಲೂ ನೆಲ ಒದೆಯುತ್ತವೆ. ಹಿಪ್ಪುನೇರಳೆ ತೋಟದಿಂದ ಹಾರಿ ಓಡುವ ಮೊಲ ಅಪ್ಪಟ ರೇರ್ ವೀಲ್. ಒಂದು ದೂರ ಸಾಗುತ್ತದೆ, ಇನ್ನೊಂದು ಕಣ್ಣು ಮಿಟುಕಿಸುವಷ್ಟರಲ್ಲಿ ದಿಕ್ಕು ಬದಲಿಸುತ್ತದೆ.

ಟೋಫು ಮಾರುವವನ ಕಾರು

ಕೈಗೆಟುಕುವ ಸ್ಪೋರ್ಟ್ಸ್ ಕೂಪೆ (ಎರಡು ಬಾಗಿಲಿನ ಮೋಜಿನ ಕಾರು) ಎಂದರೆ ಹಿಂದಿನ ಚಕ್ರವೇ ಎಂಬ ನಂಬಿಕೆ ಗಟ್ಟಿಯಾದದ್ದರಲ್ಲಿ ಜಿಪುಣತನದ ಪಾಲೂ ಇದೆ. 1983ರಲ್ಲಿ ಟೊಯೊಟಾ ತನ್ನ ಕೊರೊಲ್ಲಾ ಸೆಡಾನನ್ನು ಫ್ರಂಟ್ ವೀಲ್‌ಗೆ ಬದಲಾಯಿಸಿತು. ಎರಡು ಬಾಗಿಲಿನ ಕೂಪೆಗೆ ಮಾತ್ರ ಹಳೆಯ ಹಿಂಚಕ್ರದ ಚಾಸಿಯನ್ನೇ ಉಳಿಸಿಕೊಂಡು, 1.6 ಲೀಟರಿನ ಚುರುಕು ಎಂಜಿನ್ ಇಟ್ಟಿತು. ಅದರ ಕಾರ್ಖಾನೆ ಸಂಕೇತ ಎಇ86. ಒಂದು ಟನ್ನಿಗಿಂತ ಹಗುರ, ಬೆಲೆ ಅಗ್ಗ. ಜಪಾನಿನ ಬೆಟ್ಟದ ದಾರಿಗಳಲ್ಲಿ ಹುಡುಗರು ಅದರ ಹಿಂಬದಿಯನ್ನು ಬೇಕೆಂದೇ ಜಾರಿಸಿ ತಿರುವು ದಾಟುವುದನ್ನು ಕಲಿತರು. ಆ ವಿದ್ಯೆಗೆ ಡ್ರಿಫ್ಟ್ ಎಂದು ಹೆಸರು.

1995ರಲ್ಲಿ ಶುಯಿಚಿ ಶಿಗೆನೊ ಬರೆಯತೊಡಗಿದ ‘ಇನಿಷಿಯಲ್ ಡಿ’ ಎಂಬ ಕಾಮಿಕ್ ಕಥೆ ಈ ಕಾರನ್ನು ಲೋಕಕ್ಕೆಲ್ಲ ಪರಿಚಯಿಸಿತು. ಅದರ ನಾಯಕ ಟೋಫು (ಸೋಯಾ ಪನೀರ್) ಅಂಗಡಿಯವನ ಮಗ. ಬೆಳಗಿನ ಜಾವ ಬೆಟ್ಟದ ಮೇಲಿನ ಹೋಟೆಲಿಗೆ ಟೋಫು ಕೊಟ್ಟು ಬರುವುದು ಅವನ ಕೆಲಸ. ಟೋಫು ಮುಕ್ಕಾಗಬಾರದೆಂದು ಅಪ್ಪ ಕಾರಿನಲ್ಲಿ ನೀರು ತುಂಬಿದ ಲೋಟ ಇಡುತ್ತಾನೆ. ಒಂದು ಹನಿಯೂ ಚೆಲ್ಲುವಂತಿಲ್ಲ. ಬೈಕಿಗೆ ಕ್ಯಾನು ಕಟ್ಟಿಕೊಂಡು ಕತ್ತಲಲ್ಲೇ ಡೇರಿಗೆ ಹಾಲು ಒಯ್ಯುವ ನಮ್ಮ ಹುಡುಗರಿಗೆ ಈ ಕಥೆ ಬೇಗ ಅರ್ಥವಾದೀತು. ಭಾರ ಎತ್ತ ಓಲಾಡುತ್ತದೆಂದು ಮೈಗೆ ತಿಳಿದಿರಬೇಕು. ಕಥೆಯಲ್ಲಿ ಆ ಹಳೆಯ ಎಇ86 ನಿಸ್ಸಾನ್ ಸ್ಕೈಲೈನ್ ಜಿಟಿ–ಆರ್, ಮಿತ್ಸುಬಿಷಿ ಲ್ಯಾನ್ಸರ್ ಇವೊಲ್ಯೂಷನ್‌ನಂಥ ಬಲಾಢ್ಯ ಆಲ್ ವೀಲ್ ಕಾರುಗಳಿಗೆ ಎದುರಾಗುತ್ತದೆ. ಮುಂದೆ ಟೋಫು ಅಂಗಡಿಯ ಅಪ್ಪನೇ ತನಗಾಗಿ ಕೊಳ್ಳುವುದು ಸುಬಾರು ಇಂಪ್ರೆಝಾ, ಅದೂ ಆಲ್ ವೀಲ್! ಜಗಳ ಮನೆಯೊಳಗೇ ಇದೆ.

ನಾಲ್ಕು ಚಕ್ರದವರೇ ಎರಡನ್ನು ಬಿಟ್ಟಾಗ

2012ರಲ್ಲಿ ಟೊಯೊಟಾ ಆ ಹಳೆಯ ಸಂಕೇತಕ್ಕೆ ಮರುಜೀವ ಕೊಟ್ಟು ‘86’ ಎಂಬ ಕೂಪೆ ತಂದಿತು. ಜೊತೆಗೆ ದುಡಿದದ್ದು ಸುಬಾರು. ಕಾರು ತಯಾರಾದದ್ದೂ ಅವರದೇ ಗುನ್ಮಾ ಕಾರ್ಖಾನೆಯಲ್ಲಿ. ಎರಡು ಲೀಟರಿನ ಎಂಜಿನ್. ಸಿಲಿಂಡರಿನ ಅಗಲವೂ 86 ಮಿ.ಮೀ., ಪಿಸ್ಟನ್ ಓಡುವ ಉದ್ದವೂ 86 ಮಿ.ಮೀ. ಸುಬಾರು ಎಂದರೆ ಜಗತ್ತಿಗೆ ಆಲ್ ವೀಲ್ ಡ್ರೈವ್. ಹಿಮ ಬೀಳುವ ದೇಶಗಳಲ್ಲಿ ಅವರ ವ್ಯಾಪಾರ ನಿಂತಿರುವುದೇ ಅದರ ಮೇಲೆ. ಅಂಥವರು ಈ ಕಾರಿನ ತಮ್ಮ ಜೋಡಿಗೆ ಇಟ್ಟ ಹೆಸರು ಬಿಆರ್‌ಝಡ್. ನಡುವಿನ ಆರ್ ಎಂದರೆ ರೇರ್ ವೀಲ್ ಡ್ರೈವ್.

ಯಾಕೆ ಹೀಗೆ? ಮುಂದಿನ ಚಕ್ರಕ್ಕೂ ಶಕ್ತಿ ಕೊಡಬೇಕಾದರೆ ಎಂಜಿನ್ ಸುತ್ತಮುತ್ತ ಶಾಫ್ಟು, ಡಿಫರೆನ್ಷಿಯಲ್ಲುಗಳಿಗೆ ಜಾಗ ಬೇಕು. ಆಗ ಎಂಜಿನ್ ಮುಂದಕ್ಕೂ ಮೇಲಕ್ಕೂ ಹೋಗುತ್ತದೆ. ಕಾರು ಮುಂಭಾರವಾಗುತ್ತದೆ. ಅವೆಲ್ಲ ಬೇಡವೆಂದರೆ ಎಂಜಿನ್ನನ್ನು ಕೆಳಕ್ಕಿಳಿಸಿ ಹಿಂದಕ್ಕೆ ಸರಿಸಬಹುದು. ಗಾಡಿ ಹೊಡೆಯುವವನು ಕೂತಲ್ಲೇ ಸರಿದ ಹಾಗೆ. 86ರ ಭಾರ ಮುಂದೆ 53, ಹಿಂದೆ 47ರ ಪಾಲಿನಲ್ಲಿ ಕೂತದ್ದು ಹೀಗೆ. ತೂಕವೂ ಕಡಿಮೆ, ಖರ್ಚೂ ಕಡಿಮೆ.

ಇನ್ನೊಂದು ಚಮತ್ಕಾರವಿದೆ. ಆ ಕಾರಿಗೆ ಹಾಕಿದ್ದು ಅಗಲವಾದ ರೇಸಿಂಗ್ ಟೈರುಗಳನ್ನಲ್ಲ, ಪ್ರಿಯಸ್ ಹೈಬ್ರಿಡ್ ಕಾರಿಗೂ ಸಿಗುತ್ತಿದ್ದಂಥ ಮಾಮೂಲಿ ಟೈರು. ಹಿಡಿತ ಬೇಕೆಂದೇ ಮಿತವಾಗಿ ಇಟ್ಟದ್ದು. 200 ಕುದುರೆಶಕ್ತಿಯ ಕಾರಿನ ಹಿಂಬದಿ ಸಾಧಾರಣ ವೇಗದಲ್ಲೇ ಮೆಲ್ಲಗೆ ಜರುಗಿ, ಮಿತಿ ಹತ್ತಿರ ಬಂತು ಎಂದು ಡ್ರೈವರಿನ ಬೆನ್ನಿಗೆ ತಿಳಿಸಬೇಕು ಎಂಬುದು ಅದರ ಹಿಂದಿನ ವಿಚಾರ. 2021ರ ಜಿಆರ್86 ಬರುವ ಹೊತ್ತಿಗೆ ಎಂಜಿನ್ 2.4 ಲೀಟರಾಗಿ 235 ಕುದುರೆಶಕ್ತಿಗೆ ಏರಿತು. ಚಕ್ರದ ವಿಚಾರದಲ್ಲಿ ಬದಲಾವಣೆಯಿಲ್ಲ.

ಅದೇ ಟೊಯೊಟಾ 2020ರಲ್ಲಿ ಜಿಆರ್ ಯಾರಿಸ್ ಎಂಬ ಪುಟ್ಟ ಕಾರಿಗೆ ಆಲ್ ವೀಲ್ ಕೊಟ್ಟಿತು. ಮೂರು ಸಿಲಿಂಡರಿನ 1.6 ಲೀಟರ್ ಟರ್ಬೊ. ಗುಂಡಿ ತಿರುಗಿಸಿದರೆ ಮುಂದೆ 60, ಹಿಂದೆ 40, ಇನ್ನೊಮ್ಮೆ ತಿರುಗಿಸಿದರೆ ಮುಂದೆ 30, ಹಿಂದೆ 70, ಮತ್ತೊಮ್ಮೆ ಸರಿಪಾಲು. ಅದು ರ‍್ಯಾಲಿಗೆಂದು ಹುಟ್ಟಿದ ಕಾರು. ಮಣ್ಣು, ಹಿಮ, ಜಲ್ಲಿಯಲ್ಲಿ ಓಡಬೇಕಾದ್ದರಿಂದ ನಾಲ್ಕು. ಡಾಂಬರಿನ ಮೋಜಿಗೆ ಹುಟ್ಟಿದ್ದರಿಂದ 86ಕ್ಕೆ ಎರಡು. ಒಂದೇ ಕಂಪನಿ, ಎರಡು ಉತ್ತರ, ಎರಡೂ ಸರಿ.

ರ‍್ಯಾಲಿಯ ತೀರ್ಪು

ಮಣ್ಣಿನ ದಾರಿಯ ಮಟ್ಟಿಗೆ ತೀರ್ಪು ಬಂದು ನಾಲ್ಕು ದಶಕವಾಯಿತು. 1970ರ ದಶಕದ ಉತ್ತರಾರ್ಧದ ಒಂದು ಚಳಿಗಾಲದಲ್ಲಿ ಫಿನ್ಲೆಂಡಿನ ಹಿಮದಲ್ಲಿ ಪರೀಕ್ಷೆ ನಡೆಸುತ್ತಿದ್ದ ಔಡಿ ಎಂಜಿನಿಯರ್ ಯೋರ್ಗ್ ಬೆನ್ಸಿಂಗರ್, ಕಡಿಮೆ ಶಕ್ತಿಯ ಸೇನಾ ಜೀಪೊಂದು ಬಲಿಷ್ಠ ಕಾರುಗಳನ್ನು ಹಿಂದಿಕ್ಕುವುದನ್ನು ಗಮನಿಸಿದರು. ಅದರ ಫಲ 1980ರ ಔಡಿ ಕ್ವಾಟ್ರೊ ಕೂಪೆ. 1982ರಲ್ಲಿ ವಿಶ್ವ ರ‍್ಯಾಲಿಯ ತಯಾರಕರ ಪಟ್ಟ ಅದಕ್ಕೇ ಸಿಕ್ಕಿತು.

ಮರುವರ್ಷ ಇಟಲಿಯ ಲ್ಯಾನ್ಸಿಯಾ ಹಿಂಚಕ್ರದ 037 ಕಾರು ಹಿಡಿದು ಎದುರಾಯಿತು. ಹಗುರ ಮೈ, ನಡುಭಾಗದಲ್ಲಿ ಎಂಜಿನ್. ಮಾಂಟೆ ಕಾರ್ಲೊ, ಕೊರ್ಸಿಕಾ, ಸ್ಯಾನ್ ರೆಮೊಗಳಲ್ಲಿ ಗೆದ್ದು, ಎರಡೇ ಅಂಕಗಳ ಅಂತರದಲ್ಲಿ ಔಡಿಯಿಂದ ತಯಾರಕರ ಪಟ್ಟ ಕಸಿದುಕೊಂಡಿತು. ಚಾಲಕರ ಪಟ್ಟ ಔಡಿಯ ಹನ್ನು ಮಿಕ್ಕೋಲಾಗೆ ಹೋಯಿತು. ಹಿಂಚಕ್ರದ ಕಾರೊಂದು ತಯಾರಕರ ವಿಶ್ವಪಟ್ಟ ಗೆದ್ದದ್ದು ಅದೇ ಕೊನೆ. ಆಮೇಲೆ ಲ್ಯಾನ್ಸಿಯಾ ಕೂಡ ನಾಲ್ಕು ಚಕ್ರಕ್ಕೆ ಬಂತು. ಟೊಯೊಟಾ ಸೆಲಿಕಾ ಕೂಪೆಯೂ ನಾಲ್ಕು ಚಕ್ರ ತೊಟ್ಟ ಮೇಲೆಯೇ 1990ರಲ್ಲಿ ಕಾರ್ಲೊಸ್ ಸೈನ್ಜ್‌ಗೆ ವಿಶ್ವಪಟ್ಟ ತಂದುಕೊಟ್ಟದ್ದು. ನೆಲ ಸಡಿಲವಾದಷ್ಟೂ, ಶಕ್ತಿ ಹೆಚ್ಚಾದಷ್ಟೂ ನಾಲ್ಕು ಚಕ್ರದ ಬೆಲೆ ಏರುತ್ತದೆ. ನೆಲ ಗಟ್ಟಿಯಾಗಿ, ಶಕ್ತಿ ಮಿತವಾಗಿದ್ದರೆ ಉಳಿದೆರಡು ಚಕ್ರದ ಚಾಲನೆ ಹೊರೆ.

ನಮ್ಮ ‘ಕೂಪೆ’ ಯಾವುದು?

ಜಿಆರ್86 ಬಿಡದಿಯಲ್ಲಿ ತಯಾರಾಗುವುದಿಲ್ಲ. ಹೊರಗಿನಿಂದ ತರಿಸಿದರೆ ಆಮದು ಸುಂಕ, ಅದರ ಮೇಲೆ ಜಿಎಸ್‌ಟಿ, ಇಪ್ಪತ್ತು ಲಕ್ಷ ಮೀರಿದ ಕಾರಿಗೆ ಕರ್ನಾಟಕದ ನೂರಕ್ಕೆ 18ರ ಜೀವಿತಾವಧಿ ತೆರಿಗೆ, ಅದರ ಮೇಲೊಂದು ಸೆಸ್. ಅಗ್ಗದ ಕೂಪೆ ಅಗ್ಗವಾಗಿ ಉಳಿಯುವುದಿಲ್ಲ. ಇಲ್ಲೇ ತಯಾರಿಸುವ ಪ್ರಯತ್ನಗಳೂ ನಡೆದವು. 1998ರ ಸುಮಾರಿಗೆ ಗೋವಾದಿಂದ ಬಂದ ಸ್ಯಾನ್ ಸ್ಟಾರ್ಮ್ ಫ್ರಂಟ್ ವೀಲ್. 2012ರಲ್ಲಿ ಪ್ರದರ್ಶನಗೊಂಡ ಡಿಸಿ ಅವಂತಿ ರೇರ್ ವೀಲ್. ಎರಡೂ ಬಹಳ ದಿನ ಬಾಳಲಿಲ್ಲ. ಕರ್ನಾಟಕದ ನೆಲದಲ್ಲೇ ತಯಾರಾದ ಎರಡು ಬಾಗಿಲಿನ ಹಿಂಚಕ್ರದ ಕಾರು ಒಂದಿತ್ತು. 2001ರಲ್ಲಿ ಬೊಮ್ಮಸಂದ್ರದಿಂದ ಬಂದ ಎಲೆಕ್ಟ್ರಿಕ್ ರೇವಾ! ಅದನ್ನು ಸ್ಪೋರ್ಟ್ಸ್ ಕೂಪೆ ಎಂದರೆ ರೇವಾ ಇಟ್ಟುಕೊಂಡವರೂ ನಕ್ಕಾರು.

ಹಾಗಾಗಿ ನಮ್ಮ ಹುಡುಗರ ಎರಡು ಬಾಗಿಲಿನ ಕನಸು ಬಂದು ನಿಂತದ್ದು ಥಾರ್ ಮೇಲೆ. ಮನೆಯವರ ಕಣ್ಣಿಗೆ ಅದು ಉಪಯೋಗಕ್ಕೆ ಬಾರದ ಗಾಡಿ: ಹಿಂದಿನ ಸೀಟಿಗೆ ಅಜ್ಜಿ ಹತ್ತಲಾರಳು, ಡಿಕ್ಕಿಯಲ್ಲಿ ಎರಡು ತೆಂಗಿನಕಾಯಿ ಮೂಟೆ ಹಿಡಿಯದು. ಕೊಳ್ಳುವವನಿಗೆ ಅದೇ ರುಚಿ. ಕೂಪೆಯ ಗುಣವೂ ಇದೇ ಅಲ್ಲವೇ? 2020ರ ಅಕ್ಟೋಬರ್ 2ರಂದು ಬಂದ ಹೊಸ ಥಾರ್ ಬರೀ ಫೋರ್ ಬೈ ಫೋರ್. 2023ರ ಜನವರಿಯಲ್ಲಿ ರೇರ್ ವೀಲ್ ಥಾರ್ ಬಂತು. ಆರಂಭದ ಬೆಲೆ 9.99 ಲಕ್ಷ ರೂಪಾಯಿ, ಫೋರ್ ಬೈ ಫೋರ್‌ಗಿಂತ ಮೂರು ಲಕ್ಷಕ್ಕೂ ಹೆಚ್ಚು ಅಗ್ಗ. ಇಷ್ಟು ಅಂತರ ಬರೀ ಎರಡು ಶಾಫ್ಟು ತೆಗೆದಿದ್ದಕ್ಕಲ್ಲ. ಉದ್ದ 4 ಮೀಟರಿನೊಳಗೆ, ಡೀಸೆಲ್ ಎಂಜಿನ್ 1500 ಸಿಸಿ ಒಳಗೆ ಇದ್ದರೆ ತೆರಿಗೆ ಕಡಿಮೆ. ರೇರ್ ವೀಲ್‌ಗೆ 1.5 ಲೀಟರಿನ ಡೀಸೆಲ್ ಎಂಜಿನ್ ಇಟ್ಟರು. ಫೋರ್ ಬೈ ಫೋರ್‌ನದು 2.2 ಲೀಟರು. ಚಕ್ರದ ಆಯ್ಕೆಯಲ್ಲಿ ದೆಹಲಿಯ ಹಣಕಾಸು ಇಲಾಖೆಯೂ ಒಂದು ಕೈ ಹಾಕಿದೆ.

ನಾಲ್ಕು ಚಕ್ರದ ಖರ್ಚು ಕೊಂಡ ದಿನಕ್ಕೇ ಮುಗಿಯುವುದಿಲ್ಲ. ಬಿಡದಿಯ ಹೈರೈಡರ್‌ನ 2022ರ ಕಂಪನಿ ಲೆಕ್ಕವನ್ನೇ ನೋಡಿ: ಮ್ಯಾನ್ಯುಯಲ್ ಗೇರಿನ ಫ್ರಂಟ್ ವೀಲ್ ಕಾರಿಗೆ ಲೀಟರಿಗೆ 21 ಕಿ.ಮೀ. ಚಿಲ್ಲರೆ, ಅದೇ ಎಂಜಿನ್ನಿನ ಆಲ್ ವೀಲ್‌ಗೆ 19 ಚಿಲ್ಲರೆ. ಸುಮಾರು ಎರಡು ಕಿಲೋಮೀಟರು ಪ್ರತಿ ಲೀಟರಿನಲ್ಲೂ ಸೋರುತ್ತದೆ, ನಾಲ್ಕು ಚಕ್ರದ ಅಗತ್ಯ ಬೀಳದ ದಿನವೂ.

ಕೆಸರು, ಡಾಂಬರು, ನೀರು

ಹಾಗಾದರೆ ಈ ಸೀಮೆಯ ನೆಲ ಏನು ಕೇಳುತ್ತದೆ?

ಮಳೆ ಬಿದ್ದ ಮೇಲೆ ತೋಟದ ಕೆಮ್ಮಣ್ಣಿನ ದಾರಿಗೆ ಇಳಿದರೆ ಫೋರ್ ಬೈ ಫೋರ್‌ಗೆ ಸಾಟಿಯಿಲ್ಲ. ಮಾಮೂಲಿ ಡಿಫರೆನ್ಷಿಯಲ್ ಎಂಬುದು ಸೋಮಾರಿಯ ಪಕ್ಷಪಾತಿ. ಎರಡು ಚಕ್ರದಲ್ಲಿ ಯಾವುದು ಸಲೀಸಾಗಿ ತಿರುಗುತ್ತದೋ ಅದಕ್ಕೇ ಓಟವನ್ನೆಲ್ಲ ಬಿಟ್ಟುಕೊಡುತ್ತದೆ. ಒಂದು ಚಕ್ರ ಕೆಸರಿನಲ್ಲಿ ಗಿರಗಿರ ತಿರುಗಿ ಗುಂಡಿ ತೋಡುತ್ತಿದ್ದರೆ ಗಟ್ಟಿ ನೆಲದ ಮೇಲಿರುವ ಇನ್ನೊಂದು ಸುಮ್ಮನೆ ನಿಂತಿರುತ್ತದೆ. ಟ್ರ್ಯಾಕ್ಟರ್ ಓಡಿಸುವವರು ಆಗ ಡಿಫರೆನ್ಷಿಯಲ್ ಲಾಕ್ ತುಳಿಯುತ್ತಾರೆ. ಎರಡೂ ಒಟ್ಟಿಗೆ ಕಚ್ಚಿ ಗಾಡಿ ಮೇಲೇಳುತ್ತದೆ. ರೇರ್ ವೀಲ್ ಗಾಡಿ ಕೊಳ್ಳುವವರು ಚಕ್ರದ ಲೆಕ್ಕಕ್ಕಿಂತ ಮೊದಲು ಇಂಥ ಲಾಕ್ ಇದೆಯೇ ಎಂದು ಕೇಳಬೇಕು. ಎಷ್ಟೋ ಸಲ ಅದೊಂದೇ ಸಾಕಾಗುತ್ತದೆ.

ಆದರೆ ನಮ್ಮ ಹುಡುಗ ತೋಟಕ್ಕೆ ಹೋಗುವುದು ತಿಂಗಳಿಗೆ ಎರಡು ಸಲ. ಉಳಿದ ದಿನವೆಲ್ಲ ಬೆಂಗಳೂರು–ಮೈಸೂರು ಹೆದ್ದಾರಿ. ರಜೆ ಸಿಕ್ಕರೆ ಕನಕಪುರದಿಂದ ಸಂಗಮದ ಕಡೆಗಿನ ತಿರುವುಗಳು, ಇಲ್ಲವೇ ಮಾಗಡಿ ಕಡೆ ಸಾವನದುರ್ಗದ ದಾರಿ. ಎಲ್ಲವೂ ಡಾಂಬರು. ಅಲ್ಲಿ ನೂರಿಪ್ಪತ್ತು, ನೂರೈವತ್ತು ಕುದುರೆಶಕ್ತಿಗೆ ಹಿಂದಿನ ಎರಡು ಅಂಗೈಗಳ ಹಿಡಿತ ಧಾರಾಳ. ನಾಲ್ಕು ಚಕ್ರ ಹಾಕಿ ಉಳಿಸಲು ಅಲ್ಲಿ ಏನೂ ಜಾರುತ್ತಿಲ್ಲ.

ಫೋರ್ ಬೈ ಫೋರ್ ಇದ್ದರೆ ಜೀವಕ್ಕೆ ಭದ್ರ ಎಂಬ ನಂಬಿಕೆಯೂ ಇದೆ. ಅದನ್ನು ಸ್ವಲ್ಪ ಬಿಡಿಸಿ ನೋಡಬೇಕು. ನಾಲ್ಕು ಚಕ್ರದ ಚಾಲನೆ ಸಹಾಯ ಮಾಡುವುದು ಗಾಡಿ ಹೊರಡುವಾಗ. ನಿಲ್ಲುವಾಗ ಅಲ್ಲ. ಬ್ರೇಕು ಎಲ್ಲ ಕಾರಿನಲ್ಲೂ ನಾಲ್ಕು ಚಕ್ರಕ್ಕೇ ಇದೆ. ಗಂಟೆಗೆ 100 ಕಿ.ಮೀ. ವೇಗದಿಂದ ಒಣ ರಸ್ತೆಯಲ್ಲಿ ನಿಲ್ಲಲು, ಬ್ರೇಕ್ ಹಿಡಿದ ಕ್ಷಣದಿಂದ ಸುಮಾರು 50 ಮೀಟರು ಬೇಕು. ಒದ್ದೆ ರಸ್ತೆಯಲ್ಲಿ ಹಿಡಿತ ಇಳಿದು ಸುಮಾರು 80 ಮೀಟರಾದೀತು. ರೇರ್ ವೀಲಿಗೂ ಅಷ್ಟೇ, ಆಲ್ ವೀಲಿಗೂ ಅಷ್ಟೇ. ಆಲ್ ವೀಲ್‌ನಲ್ಲಿ ಒಂದು ಅಪಾಯ ಹೆಚ್ಚು: ಜಾರುವ ರಸ್ತೆಯಲ್ಲೂ ಅದು ಸಲೀಸಾಗಿ ವೇಗ ಹಿಡಿಯುವುದರಿಂದ ರಸ್ತೆ ಜಾರುತ್ತಿದೆ ಎಂಬುದೇ ಗೊತ್ತಾಗುವುದಿಲ್ಲ. ಗೊತ್ತಾಗುವುದು ಬ್ರೇಕ್ ತುಳಿದಾಗ. ರೇರ್ ವೀಲ್ ಕಾರು ಆಕ್ಸಿಲರೇಟರ್ ಒತ್ತಿದೊಡನೆ ಬಾಲ ಅಲ್ಲಾಡಿಸಿ ಮುಂಚೆಯೇ ಎಚ್ಚರಿಸುತ್ತದೆ. ಆದರೆ ಆ ಎಚ್ಚರಿಕೆ ಕಲಿತವನಿಗೆ ಮಾತ್ರ ಎಚ್ಚರಿಕೆ, ಕಲಿಯದವನಿಗೆ ಅಪಘಾತ. ಇಎಸ್‌ಸಿ (ಎಲೆಕ್ಟ್ರಾನಿಕ್ ಸ್ಟೆಬಿಲಿಟಿ ಕಂಟ್ರೋಲ್) ಇರುವ ಕಾರಾದರೆ ಕಂಪ್ಯೂಟರು ಒಂದೊಂದೇ ಚಕ್ರಕ್ಕೆ ಬ್ರೇಕು ಹಾಕಿ ಬಾಲವನ್ನು ಸಾಲಿಗೆ ತರುತ್ತದೆ. ಹೆದ್ದಾರಿಯಲ್ಲಿ ಅದನ್ನು ಆಫ್ ಮಾಡಿ ಡ್ರಿಫ್ಟ್ ಮಾಡುವ ಹುಡುಗಾಟಕ್ಕೆ ಕ್ಷಮೆಯಿಲ್ಲ.

2022ರ ಆಗಸ್ಟ್ ಕೊನೆಯಲ್ಲಿ ರಾಮನಗರದ ಬಳಿ ಹೆದ್ದಾರಿಯೇ ಕೆರೆಯಾಗಿ ಕಾರು, ಬಸ್ಸುಗಳು ಮುಳುಗಿ ನಿಂತದ್ದು ಇಲ್ಲಿನವರಿಗೆ ನೆನಪಿದೆ. ಅಷ್ಟು ನೀರಿಗೆ ಯಾವ ಚಕ್ರವೂ ಉಪಯೋಗವಿಲ್ಲ. ಬೆರಳು ಮುಳುಗದಷ್ಟು ನೀರು ನಿಂತಿದ್ದರೂ ಅಪಾಯವಿದೆ. 1960ರ ದಶಕದಲ್ಲಿ ನಾಸಾ ವಿಮಾನದ ಟೈರುಗಳ ಮೇಲೆ ಪ್ರಯೋಗ ನಡೆಸಿ, ನಿಂತ ನೀರಿನ ಮೇಲೆ ಟೈರು ಯಾವ ವೇಗದಲ್ಲಿ ತೇಲುತ್ತದೆಂದು ಸೂತ್ರ ಕೊಟ್ಟಿತು. ಆ ಸೂತ್ರಕ್ಕೆ 32 ಪಾಯಿಂಟ್ ಗಾಳಿ ಹಾಕಿ ನೋಡಿದರೆ ಬರುವ ಉತ್ತರ ಗಂಟೆಗೆ ಸುಮಾರು 94 ಕಿ.ಮೀ. ನಮ್ಮ ಹೆದ್ದಾರಿಯ ವೇಗದ ಮಿತಿ 100. ತೇಲುವ ಟೈರು ಎಳೆಯದು, ತಿರುಗದು, ನಿಲ್ಲಿಸದು. ಸಂಖ್ಯೆ ಎರಡಿದ್ದರೇನು, ನಾಲ್ಕಿದ್ದರೇನು? ಆಗ ಕೆಲಸಕ್ಕೆ ಬರುವುದು ಟೈರಿನ ಗೀರುಗಳು ಮಾತ್ರ. ನೀರು ಹರಿದುಹೋಗಲು ದಾರಿ ಅವೇ. ಅವುಗಳ ಆಳ 1.6 ಮಿ.ಮೀ.ಗಿಂತ ಕಡಿಮೆಯಾದರೆ ಟೈರು ಕಾನೂನಿನ ಪ್ರಕಾರವೇ ಸತ್ತಂತೆ.

ಹಿಂದಿನ ಚಕ್ರದ ಮರುಜನ್ಮ

ಈಗ ವಿದ್ಯುತ್ ಕಾರುಗಳು ಈ ಜಗಳವನ್ನು ತಿರುಗಾಮುರುಗಾ ಮಾಡುತ್ತಿವೆ. ಎರಡು ಬಾಗಿಲಿನ ಪುಟ್ಟ ಎಂಜಿ ಕಾಮೆಟ್‌ನಿಂದ ಹಿಡಿದು 2024ರಲ್ಲಿ ಬಂದ ಕೂಪೆ ಬೆನ್ನಿನ ಮಹೀಂದ್ರ ಬಿಇ 6ರವರೆಗೆ ಮೋಟಾರು ಹಿಂದಿನ ಆಕ್ಸಲ್ಲಿಗೇ. ಹೊಟ್ಟೆಯ ಕೆಳಗೆ ಪ್ರೊಪೆಲ್ಲರ್ ಶಾಫ್ಟ್ ಬೇಡ, ಗೇರ್‌ಬಾಕ್ಸಿನ ಗೂಡು ಬೇಡ. ಭಾರವಾದ ಬ್ಯಾಟರಿ ನೆಲದುದ್ದಕ್ಕೂ ಮಲಗಿರುವುದರಿಂದ ಮುಂಭಾರ, ಹಿಂಭಾರದ ಕಾಟವೂ ಕಡಿಮೆ. ನಾಲ್ಕು ಚಕ್ರ ಬೇಕೆ? ಮುಂದೆ ಇನ್ನೊಂದು ಮೋಟಾರು ಕೂರಿಸಿದರಾಯಿತು. 2025ರ ಟಾಟಾ ಹ್ಯಾರಿಯರ್ ಇವಿ ಎರಡು ಬಗೆಯಲ್ಲೂ ಸಿಗುವುದು ಹೀಗೆ. ಬೊಮ್ಮಸಂದ್ರದ ರೇವಾ ಎರಡು ದಶಕ ಮೊದಲೇ ಬಂದಿತ್ತು ಅಷ್ಟೆ.

ಇದನ್ನೆಲ್ಲ ನಾನು ಹುಡುಗನಿಗೆ ಹೇಳಿ ಮುಗಿಸುವಷ್ಟರಲ್ಲಿ ಕಾಫಿ ಎರಡು ಸುತ್ತು ಬಂದುಹೋಗಿತ್ತು. ನನ್ನ ತೀರ್ಮಾನ ಸರಳ: ನಿನ್ನ ದಾರಿ ಡಾಂಬರು, ನಿನ್ನ ಜೇಬು ಚಿಕ್ಕದು, ನಿನಗೆ ಬೇಕಾದ್ದು ಓಡಿಸುವ ಸುಖ, ರೇರ್ ವೀಲ್ ತಗೋ, ಉಳಿದ ದುಡ್ಡಲ್ಲಿ ಒಳ್ಳೆಯ ಟೈರು ಹಾಕಿಸು. ಅವನು ತಲೆಯಾಡಿಸಿದ. ಒಪ್ಪಿದನೋ, ಮಾವ ಮಾತು ನಿಲ್ಲಿಸಲಿ ಎಂದೋ ತಿಳಿಯಲಿಲ್ಲ.

ತಾತ ಅಷ್ಟರಲ್ಲಿ ಅಂಗಳಕ್ಕಿಳಿದು, ಹುಡುಗ ಈಗ ಓಡಿಸುವ ಹಳೆಯ ಕಾರಿನ ಹತ್ತಿರ ಹೋಗಿದ್ದರು. ಮುಂದಿನ ಚಕ್ರದ ಬಳಿ ಬಗ್ಗಿ, ಟೈರಿನ ಗೀರಿಗೆ ಹೆಬ್ಬೆರಳ ಉಗುರು ಇಟ್ಟು ನೋಡಿದರು. ಉಗುರು ಇಳಿಯಲಿಲ್ಲ. ಪಕ್ಕದ ಚಕ್ರಕ್ಕೆ ಹೋದರು. ಅಲ್ಲೂ ಇಳಿಯಲಿಲ್ಲ. ಸಂತೆಯಲ್ಲಿ ಎತ್ತು ಕೊಳ್ಳುವವರು ಕಾಲೆತ್ತಿ ಗೊರಸು ನೋಡುವ ಹಾಗೆ ನಾಲ್ಕನ್ನೂ ಸುತ್ತು ಹಾಕಿ ಬಂದರು.

‘ಲಾಳ ಸವೆದೋಗೈತಲ್ಲೋ ಮಗ’ ಎಂದರು. ‘ಇದ್ರಲ್ಲೇ ದಿನಾ ಬಿಡದಿಗೆ ಓಯ್ತೀಯಾ?’

ಹುಡುಗ ಫೋನು ಜೇಬಿಗಿಟ್ಟು ಎದ್ದ. ಮಳೆಯ ಮೋಡ ಕಟ್ಟಿತ್ತು. ಚನ್ನಪಟ್ಟಣದಲ್ಲಿ ಟೈರಂಗಡಿ ಭಾನುವಾರ ಎಷ್ಟು ಹೊತ್ತಿನವರೆಗೆ ತೆರೆದಿರುತ್ತದೆ ಎಂದು ನನ್ನನ್ನು ಕೇಳಿದ.